ರಾಹುಕಾಲಕ್ಕೆ ಮೊದಲು ಒಂದು ಸಹಿ

ಟೆಕ್ಸಾಸ್‌ನ ಇರ್ವಿಂಗ್‌ನಲ್ಲಿ ಹೆದ್ದಾರಿಯ ಪಕ್ಕಕ್ಕೆ ಹಳೆಯ ಕಾರು ಮಾರುವ ಒಂದು ಅಂಗಡಿ ಇತ್ತು. ಅದರ ಹಿಂಬದಿಯ ಚಿಕ್ಕ ಕೋಣೆಯಲ್ಲಿ ನಾನು ಬಹಳ ವರ್ಷ ಕುಳಿತಿದ್ದೆ. ಕಾರು ತೋರಿಸುವುದು, ಚೌಕಾಸಿ ಮಾಡುವುದು ಬೇರೆಯವರ ಕೆಲಸ. ಗಿರಾಕಿ ಒಪ್ಪಿದ ಮೇಲೆ ಬ್ಯಾಂಕಿನ ಸಾಲದ ಕಾಗದಗಳಿಗೆ ಸಹಿ ಹಾಕಿಸುವುದು ನನ್ನ ಕೆಲಸ. ನಾನು ಹುಬ್ಬಳ್ಳಿಯಲ್ಲಿ ಎಸ್ಸೆಸ್ಸೆಲ್ಸಿ ಓದಿ, ಅಕ್ಕ ಹಾಕಿದ ಅರ್ಜಿಯ ಮೇಲೆ ಅಮೆರಿಕಕ್ಕೆ ಬಂದವನು. ದೇವಸ್ಥಾನದಲ್ಲಿ, ಊಟದ ಮನೆಗಳಲ್ಲಿ, ಸಾಫ್ಟ್‌ವೇರ್‌ನವರ ನಡುವೆ ನನ್ನನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಆ ಕೋಣೆಯಲ್ಲಿ ಮಾತ್ರ ಅವರು ನನ್ನ ಎದುರು ಪರೀಕ್ಷೆಗೆ ಬಂದ ಹುಡುಗರ ಹಾಗೆ ಕೂರುತ್ತಿದ್ದರು. ಅದು ನನಗೆ ಬಹಳ ರುಚಿಸಿತ್ತು.

ಸಾಲದ ಜೊತೆಗೆ ನಾನು ಒಂದು ವಿಮೆಯನ್ನೂ ಮಾರುತ್ತಿದ್ದೆ. ಸಾಲ ತೆಗೆದುಕೊಂಡವನಿಗೆ ಕಾಯಿಲೆಯಾದರೆ, ಕೆಲಸ ಹೋದರೆ, ತಿಂಗಳ ಕಂತನ್ನು ವಿಮೆ ಕಟ್ಟುತ್ತದೆ. ಕೇಳಲು ಧರ್ಮದ ಕೆಲಸದಂತಿದೆ. ಆದರೆ ಮೊದಲೇ ಇದ್ದ ಕಾಯಿಲೆಗೆ ಅದು ಕಾಸೂ ಕೊಡುವುದಿಲ್ಲ. ಸ್ವಂತ ವ್ಯಾಪಾರ ಮಾಡುವವನಿಗೆ ಕೆಲಸ ಹೋಗುವುದು ಎಂಬುದೇ ಇಲ್ಲ, ಆದ್ದರಿಂದ ಅದಕ್ಕೂ ಇಲ್ಲ. ಅದರ ಬೆಲೆಯನ್ನು ಸಾಲಕ್ಕೇ ಸೇರಿಸಿಬಿಡುತ್ತಿದ್ದೆವು, ಅದಕ್ಕೂ ಬಡ್ಡಿ ಬೀಳುತ್ತಿತ್ತು. ಪ್ರತಿ ಸಹಿಗೂ ನನಗೆ ಕಮಿಷನ್ ಇತ್ತು. ಯಾರಿಗೆ ಅದು ಉಪಯೋಗಕ್ಕೆ ಬರುವುದಿಲ್ಲವೋ ಅವರಿಗೇ ಹೆಚ್ಚು ಮಾರುತ್ತಿದ್ದೆ. ಏಕೆಂದರೆ ಅವರೇ ಹೆಚ್ಚು ಹೆದರಿದವರು.

ಅಮೆರಿಕನ್ನರು ಕಾಗದ ಓದುತ್ತಾರೆ. ನಮ್ಮವರು ಇನ್ನೂ ಹೆಚ್ಚು ಓದುತ್ತಾರೆ, ಇಂಜಿನಿಯರುಗಳು. ಅವರು ಓದದ ಹಾಗೆ ಮಾಡಲು ನನ್ನ ಬಳಿ ಒಂದು ಉಪಾಯ ಇತ್ತು. ಪುಟ ತಿರುವುತ್ತಿದ್ದಂತೆ ಗಡಿಯಾರ ನೋಡಿ, "ಸರ್, ರಾಹುಕಾಲ ಹತ್ತಿರ ಬಂತು. ನಾನೇನೂ ನಂಬಲ್ಲ, ಮನೇಲಿ ದೊಡ್ಡೋರು ಕೇಳಿದ್ರೆ ಅಂತ ಹೇಳಿದೆ" ಅನ್ನುತ್ತಿದ್ದೆ. ನಾನೂ ನಂಬಲ್ಲ ಎಂದು ಅವರೂ ನಗುತ್ತಿದ್ದರು. ನಗುತ್ತಲೇ ಪೆನ್ನು ಕೈಗೆತ್ತಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಹೆಂಡತಿ ಇದ್ದರಂತೂ ನಾನು ಎರಡನೇ ಸಲ ಹೇಳಬೇಕಾಗಿರಲಿಲ್ಲ. ನಿಜವಾಗಿ ರಾಹುಕಾಲವನ್ನು ಆಯಾ ಊರಿನ ಸೂರ್ಯೋದಯದಿಂದ ಲೆಕ್ಕ ಹಾಕಬೇಕು. ಟೆಕ್ಸಾಸ್‌ನ ಬೇಸಿಗೆಯಲ್ಲಿ ಗಡಿಯಾರವನ್ನು ಬೇರೆ ಒಂದು ಗಂಟೆ ಮುಂದಿಟ್ಟಿರುತ್ತಾರೆ. ಊರಿನ ಕ್ಯಾಲೆಂಡರಿನ ವೇಳೆ ಇಲ್ಲಿಗೆ ಹೊಂದುವುದೇ ಇಲ್ಲ. ಇದನ್ನು ಒಬ್ಬ ಅರ್ಚಕರು ನನಗೆ ಬಿಡಿಸಿ ಹೇಳಿದ್ದರು. ಹೇಳಿದ ಮೇಲೆ ನನಗೆ ಅನುಕೂಲವೇ ಆಯಿತು. ಯಾವುದು ಹತ್ತಿರವೋ ಅದು: ಒಮ್ಮೆ ಊರಿನ ರಾಹುಕಾಲ, ಒಮ್ಮೆ ಇಲ್ಲಿನದು.

ಒಮ್ಮೆ ಗಂಡ ಹೆಂಡತಿ ಇಬ್ಬರು ಬಂದರು, ಗದಗಿನ ಕಡೆಯವರು. ಅಪಾರ್ಟ್‌ಮೆಂಟಿನಲ್ಲೇ ಜೋಳದ ರೊಟ್ಟಿ, ಶೇಂಗಾ ಹೋಳಿಗೆ, ಚಟ್ನಿಪುಡಿ ಮಾಡಿ ಸುತ್ತಲಿನ ಫ್ರಿಸ್ಕೋ, ಲಿಟಲ್ ಎಲ್ಮ್ ಊರುಗಳವರೆಗೂ ಮನೆಮನೆಗೆ ಮುಟ್ಟಿಸುತ್ತಿದ್ದರು. ಹಳೆಯ ಕಾರು ಕೈಕೊಟ್ಟಿತ್ತು. ಒಂದು ಬಿಳಿ ವ್ಯಾನ್ ಬೇಕಾಗಿತ್ತು. ನಾನು ಹುಬ್ಬಳ್ಳಿಯವನು ಎಂದು ಗೊತ್ತಾದ ಕೂಡಲೇ ಅವನ ಮುಖ ಅರಳಿತು. ಬೆಂಗಳೂರಿನವರ ಜೊತೆ ಬೆಂಗಳೂರಿನ ಕನ್ನಡ, ನಮ್ಮ ಕಡೆಯವರ ಜೊತೆ ನಮ್ಮ ಕನ್ನಡ ಆಡುತ್ತಿದ್ದೆ. ಎರಡೂ ನನಗೆ ಬಲೆಗಳೇ. ಅವರಿಗೆ ನಾನು ಮೊದಲ ಅರ್ಧ ಗಂಟೆಯಲ್ಲೇ ಅಣ್ಣನಾದೆ.

ಗುರುವಾರ ಮಧ್ಯಾಹ್ನ. ಅವಳು ನಿಂಬೆಹಣ್ಣು, ಕುಂಕುಮ ಹಿಡಿದುಕೊಂಡೇ ಬಂದಿದ್ದಳು. ನಾವು ಕಾಗದ ಮುಗಿಸುವಷ್ಟರಲ್ಲಿ ಗಾಲಿಗಳಿಗೆ ನಿಂಬೆಹಣ್ಣು ಇಡುತ್ತೇನೆಂದು ಹೊರಗೆ ಹೋದಳು. ಕೋಣೆಯಲ್ಲಿ ಅವನೂ ನಾನೂ ಇಬ್ಬರೇ.

"ಇದೊಂದು ರಕ್ಷಣೆ ನೋಡಪಾ," ಎಂದು ವಿಮೆಯ ಹಾಳೆ ಮುಂದಿಟ್ಟೆ. "ಇದಿಲ್ಲಂದ್ರ ಬ್ಯಾಂಕಿನವರು ಸಾಲ ಕೊಡೂದಿಲ್ಲ." ಅದು ಶುದ್ಧ ಸುಳ್ಳು.

ಅವನು ಹಾಳೆಯ ಮೇಲೆ ಬೆರಳಿಟ್ಟು ನಿಧಾನವಾಗಿ ಇಂಗ್ಲಿಷ್ ಓದಿದ. ಕಾಯಿಲೆಯ ಪ್ರಶ್ನೆ ಇದ್ದಲ್ಲಿ ಬೆರಳು ನಿಂತಿತು.

"ಅಣ್ಣಾರ, ನನಗ ಶುಗರ್ ಐತ್ರಿ. ಗುಳಿಗಿ ತಗೋತೀನಿ. ಕಿಡ್ನಿನೂ ಒಮ್ಮೆ ತೋರಿಸ್ಕೋ ಅಂತ ಡಾಕ್ಟರ್ ಅಂದಾರ. ಅದನ್ನ ಇದರಾಗ ಬರೀಬೇಕೇನ್ರಿ?"

"ಶುಗರ್ ಯಾರಿಗಿಲ್ಲೋ ಮಾರಾಯ? ಈ ಊರಾಗ ಶುಗರ್ ಇಲ್ಲದ್ದು ಅಂದ್ರ ಈ ಟೇಬಲ್ ಒಂದು. ಶುಭ ಕೆಲಸಕ್ಕ ಕುಂತಾಗ ರೋಗದ ಮಾತ್ಯಾಕ ತಗೀತಿ? ಒಂದೂವರಿಗೆ ರಾಹುಕಾಲ, ಹಾಕು ಸಹಿ."

ಅವನು ನಕ್ಕ. ಸಹಿ ಹಾಕಿದ. ಕಾಯಿಲೆಯ ಪ್ರಶ್ನೆಗೆ 'ಇಲ್ಲ' ಎಂಬಲ್ಲಿ ಗುರುತು ಹಾಕಿದ್ದು ನನ್ನ ಕೈ. ಆಮೇಲೆ ನಾವಿಬ್ಬರೂ ಹೊರಗೆ ಹೋಗಿ ವ್ಯಾನಿನ ಮುಂದೆ ನಿಂತೆವು. ಹಿರಿಯರು ನೀವೇ ಕುಂಕುಮ ಹಚ್ಚಿರಿ ಎಂದು ಅವಳು ನನ್ನ ಕೈಗೇ ಬಟ್ಟಲು ಕೊಟ್ಟಳು. ಹಚ್ಚಿದೆ.

ಎರಡು ವರ್ಷ ಕಳೆಯುವ ಮೊದಲೇ ಅವನ ಕಿಡ್ನಿಗಳು ಕೆಟ್ಟವು. ವಾರಕ್ಕೆ ಮೂರು ದಿನ ಡಯಾಲಿಸಿಸ್. ರೊಟ್ಟಿ ಬಡಿಯುವುದೂ ಅವಳೇ, ವ್ಯಾನ್ ಓಡಿಸುವುದೂ ಅವಳೇ. ಕಂತು ತಪ್ಪತೊಡಗಿದಾಗ ವಿಮೆ ನೆನಪಾಗಿ ಅರ್ಜಿ ಹಾಕಿದರು. ಕಾಯಿಲೆ ಮುಚ್ಚಿಟ್ಟಿದ್ದೀರಿ ಎಂದು ಅರ್ಜಿ ತಿರಸ್ಕಾರವಾಯಿತು. ಆಗ ಡಯಾಲಿಸಿಸ್ ಕೇಂದ್ರದಲ್ಲಿ ಯಾರೋ ಹೇಳಿಕೊಟ್ಟರಂತೆ: ನಿಮಗೆ ಉಪಯೋಗಕ್ಕೆ ಬಾರದ ವಿಮೆಯನ್ನು ತಪ್ಪು ಹೇಳಿ ಮಾರಿದ್ದಾರೆ, ಕಟ್ಟಿದ ಹಣ ಬಡ್ಡಿ ಸಮೇತ ವಾಪಸ್ಸು ಕೇಳಿ. ಆ ಹಣ ಬಂದರೆ ತಪ್ಪಿದ ಕಂತುಗಳು ತೀರುತ್ತಿದ್ದವು, ವ್ಯಾನ್ ಉಳಿಯುತ್ತಿತ್ತು. ಬ್ಯಾಂಕಿನ ದೂರು ವಿಭಾಗದವರು ಒಂದು ದಿನ ಫೋನ್ ಮಾಡಿ ವಿಚಾರಿಸುತ್ತೇವೆ ಎಂದಿದ್ದರು. ಇಂಗ್ಲಿಷಿನಲ್ಲಿ ಹೇಳಲು ಜೊತೆಗೆ ಇರಬೇಕು ಎಂದು ಗಂಡ ಹೆಂಡತಿ ಕರೆದದ್ದು ನನ್ನನ್ನೇ. ಇನ್ನಾರನ್ನು ಕರೆಯಬೇಕು? ಅಣ್ಣ ತಾನೆ.

ಹೋಗುವ ಮೊದಲೇ ನಾನು ನಿರ್ಧಾರ ಮಾಡಿದ್ದೆ. ಗಿರಾಕಿಗೆ ಹಣ ವಾಪಸ್ಸಾದರೆ ನನ್ನ ಕಮಿಷನ್ ಕಿತ್ತುಕೊಳ್ಳುತ್ತಿದ್ದರು. ಅದು ದೊಡ್ಡ ಮೊತ್ತವೇನಲ್ಲ. ಒಂದು ತಿಂಗಳ ದಿನಸಿಗೂ ಸಾಲದಷ್ಟು. ಆದರೆ ಒಬ್ಬ ಗೆದ್ದರೆ ಉಳಿದವರೂ ಬರುತ್ತಾರೆ ಎಂದು ಅಂಗಡಿಯ ಮಾಲೀಕ ಗೊಣಗಿದ್ದ. ಅಷ್ಟು ಸಾಕಾಯಿತು.

ಅಡುಗೆಮನೆಯ ಮೇಜಿನ ಮೇಲೆ ಫೋನ್ ಇಟ್ಟು ಮೂವರೂ ಕುಳಿತೆವು. ಆ ಕಡೆಯ ಹೆಂಗಸು ಮೃದುವಾಗಿ ಮಾತಾಡಿದಳು. ಮಾರಿದವನು ನಾನೇ ಎಂದು ತಿಳಿದು ನೇರವಾಗಿ ನನ್ನನ್ನೇ ಕೇಳಿದಳು: ಇವರು ತಮ್ಮ ಕಾಯಿಲೆಯ ವಿಷಯ ನಿಮಗೆ ಹೇಳಿದ್ದರೇ?

"ನಾನು ಕೇಳಿದೆ. ಇಲ್ಲ ಅಂದರು," ಎಂದೆ ಇಂಗ್ಲಿಷಿನಲ್ಲಿ. ನನ್ನ ಧ್ವನಿ ಸ್ವಲ್ಪವೂ ನಡುಗಲಿಲ್ಲ. ವಿಮೆ ಕಡ್ಡಾಯ ಎಂದು ಹೇಳಿದಿರಾ ಎಂದಳು. ಇಲ್ಲ, ಅವರೇ ಬೇಕೆಂದರು ಎಂದೆ.

ಅಷ್ಟು ಇಂಗ್ಲಿಷ್ ಅವನಿಗೆ ಬರುತ್ತಿತ್ತು. ಫೋನ್ ಇಟ್ಟ ಮೇಲೆ ಅವನು ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ. ಸಹಾಯ ಕೇಳುವವನ ಧ್ವನಿ.

"ಅಣ್ಣಾರ, ನೆನಪ ಮಾಡ್ಕೋರಿ. ನಾ ನಿಮಗ ಹೇಳಿದ್ನಿಲ್ರೀ, ಗುಳಿಗಿ ತಗೋತೀನಂತ? ಟೇಬಲ್ಲಿಗೆ ಶುಗರ್ ಇಲ್ಲಂತ ನೀವು ಚ್ಯಾಷ್ಟಿ ಮಾಡಿದ್ರಿ."

ಅವಳು ನನ್ನ ಮುಖ ನೋಡುತ್ತಿದ್ದಳು. ನಾನು ಅವನಿಗಲ್ಲ, ಅವಳಿಗೇ ಉತ್ತರ ಕೊಟ್ಟೆ.

"ಅಂವಾ ಹೇಳಿದ್ರ ನಾ ಬರೀತಿದ್ನಿಲ್ಲೋ ತಂಗಿ? ನನಗೇನ್ ಬರೂದಿತ್ತು ಮುಚ್ಚಿಟ್ಟು?"

ಅವಳು ಗಂಡನ ಕಡೆ ತಿರುಗಿದಳು. "ನಿಮಗ ಗಾಡಿ ಆಗಬೇಕಿತ್ತು. ಸಾಲ ಸಿಗೂದಿಲ್ಲಂತ ಸುಳ್ಳ ಹೇಳೀರಿ. ಈಗ ದೊಡ್ಡಾವರ ಮ್ಯಾಲ ಹಾಕ್ತೀರಿ. ನಾಚಿಕಿ ಬರೂದಿಲ್ಲಾ?"

"ಇಲ್ಲ ನೋಡ, ನಾ ಹೇಳಿದ್ದೆ..."

"ಸುಮ್ಮನಿರ್ರಿ!"

ಅವನು ನನ್ನನ್ನು ನೋಡಿದ. ಆ ನೋಟದಲ್ಲಿ ಅವನಿಗೆ ಎಲ್ಲ ತಿಳಿದಿತ್ತು ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಅನ್ನಿಸಿದ್ದು ಒಂದೇ: ಗೆದ್ದೆ. ಅವಳು ಅವಮಾನದಿಂದ ಕೆಂಪಾಗಿ, ನನ್ನ ಕ್ಷಮೆ ಕೇಳಿ, ಡಬ್ಬಿಯಲ್ಲಿ ಹೋಳಿಗೆ ಕಟ್ಟಿಕೊಟ್ಟಳು. ಮನೆಗೆ ಹೋಗುವ ದಾರಿಯಲ್ಲಿ, ಸಿಗ್ನಲ್ಲಿನಲ್ಲಿ ನಿಂತಾಗ, ಒಂದು ತಿಂದೆ. ಚೆನ್ನಾಗಿತ್ತು.

ದೂರು ಬಿದ್ದುಹೋಯಿತು. ಒಂದು ಬೆಳಿಗ್ಗೆ ಬ್ಯಾಂಕಿನವರು ವ್ಯಾನನ್ನು ಎಳೆದುಕೊಂಡು ಹೋದರು, ಒಳಗಿದ್ದ ರೊಟ್ಟಿಯ ಬುಟ್ಟಿಗಳ ಸಮೇತ. ಬುಟ್ಟಿಗಳನ್ನಾದರೂ ಕೊಡಿಸಿ ಎಂದು ಅವಳು ನನಗೆ ಫೋನ್ ಮಾಡಿದಳು. ಅದು ನನ್ನ ಕೈಯಲ್ಲಿಲ್ಲ ತಂಗಿ ಎಂದೆ. ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು. ಸ್ವಲ್ಪ ದಿನದಲ್ಲಿ ಅವರು ಇರ್ವಿಂಗ್ ಬಿಟ್ಟು ಹ್ಯೂಸ್ಟನ್‌ಗೆ ಹೋದರು. ಅಲ್ಲಿ ಒಂದು ಊಟದ ಹೋಟೆಲಿನ ಅಡುಗೆಮನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ನಾನು ಮರೆತೆ. ಮರೆಯುವುದಕ್ಕೆ ಏನೂ ಕಷ್ಟವಾಗಲಿಲ್ಲ ಎಂಬುದನ್ನೂ ಹೇಳಬೇಕು.

ಕೆಲಸ ಬಿಟ್ಟ ಮೇಲೆ ನಾನೂ ನನ್ನ ಹೆಂಡತಿಯೂ ಲಿಟಲ್ ಎಲ್ಮ್‌ನಲ್ಲಿ ಒಂದು ಸಣ್ಣ ಮನೆ ಮಾಡಿದೆವು. ಭಾನುವಾರ ದೇವಸ್ಥಾನದ ಊಟಕ್ಕೆ ಹೋಗುವುದು ರೂಢಿ. ಅಲ್ಲಿ ಒಂದು ದಿನ ನನ್ನ ಎದುರು ಮೈಸೂರಿನ ಕಡೆಯ ಒಬ್ಬ ಕುಳಿತಿದ್ದ. ಅವನ ಮನೆಗೆ ಆ ದಂಪತಿಗಳು ಹಲವು ವರ್ಷ ರೊಟ್ಟಿ ಕೊಡುತ್ತಿದ್ದರು.

"ಅಂಕಲ್, ಆ ರೊಟ್ಟಿಯವ್ರ ಮನೆ ಯಜಮಾನ್ರು ಹೋಗ್ಬಿಟ್ರಂತೆ, ಗೊತ್ತಾ? ಹ್ಯೂಸ್ಟನ್‌ನಲ್ಲಿ, ಹೋದ್ ವರ್ಷಾನೇ."

"ಹೌದಾ?"

"ಪಾಪ ಅನ್ನೋಕೂ ಆಗಲ್ಲ ಬಿಡಿ. ಕಾಯಿಲೆ ಮುಚ್ಚಿಟ್ಟು ಲೋನ್ ತಗೊಂಡು ಹೆಂಡ್ತೀನ ಬೀದಿಗೆ ತಂದ್ರಂತೆ. ಸುಳ್ಳುಗಾರ ಅಂತ ಆಕೇನೇ ನನ್ ವೈಫ್ ಹತ್ರ ಹೇಳ್ಕೊಂಡು ಅತ್ತಿದ್ರು."

ನಾನು ಸಾರಿನಲ್ಲಿ ಅನ್ನ ಕಲಸುತ್ತಾ, "ಕೆಲವರು ಹಂಗೇ," ಎಂದೆ. ಬಾಯಿಂದ ತಾನಾಗಿ ಬಂತು. ಕಲಸಿದ ಅನ್ನ ಕೈಯಲ್ಲೇ ಉಳಿಯಿತು. ನಾನು ಬ್ಯಾಂಕಿಗೆ ಒಂದು ಸುಳ್ಳು ಹೇಳಿದೆ, ಒಂದು ವ್ಯಾನ್ ಹೋಯಿತು, ಅಷ್ಟೇ ಎಂದುಕೊಂಡಿದ್ದೆ. ಆ ಸುಳ್ಳು ಅವರ ಮನೆಯಲ್ಲಿ ಉಳಿದುಕೊಂಡಿತ್ತು, ಅವರ ಜೊತೆ ಹ್ಯೂಸ್ಟನ್‌ಗೆ ಹೋಗಿತ್ತು, ಅವನು ಸತ್ತ ಮೇಲೆ ಅವನ ಹೆಸರಾಗಿತ್ತು. ಸತ್ತವನನ್ನು ನಾನು ಊಟದೆಲೆಯ ಮುಂದೆ ಇನ್ನೊಮ್ಮೆ ಬೈದಿದ್ದೆ.

ತಕ್ಷಣ ಹೋದೆ ಎಂದು ಬರೆದರೆ ಚೆಂದ. ಹೋಗಲಿಲ್ಲ. ಆರೇಳು ತಿಂಗಳು ಕುಳಿತೆ. ಕೊನೆಗೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು ತರಕಾರಿ ಹೆಚ್ಚುತ್ತಿದ್ದಳು. "ಆ ಹೋಳಿಗಿ ನನಗೂ ತಿನ್ನಿಸಿದ್ರಿ," ಎಂದಳು. ಮೂರನೆಯ ದಿನ ಕಾರಿನ ಕೀಲಿ ತಂದು ನನ್ನ ಮುಂದೆ ಇಟ್ಟಳು.

ಹ್ಯೂಸ್ಟನ್ ತಲುಪಿದಾಗ ಬೆಳಿಗ್ಗೆ ಹತ್ತೂವರೆ. ಹೋಟೆಲಿನ ಹಿಂಬಾಗಿಲಲ್ಲಿ ಅವಳು ಈರುಳ್ಳಿಯ ಚೀಲ ಬಿಚ್ಚುತ್ತಿದ್ದಳು. ನನ್ನನ್ನು ಕಂಡು ಖುಷಿಯಿಂದ ಎದ್ದಳು. "ಅಣ್ಣಾರ! ಇಷ್ಟ ದೂರ!" ಎಂದು ಒಂದು ಸ್ಟೂಲು ತಂದುಕೊಟ್ಟಳು. ಚಹಾಕ್ಕೆ ಹೇಳಲು ಹೊರಟವಳನ್ನು ತಡೆದು, ನಿಂತೇ ಹೇಳಿದೆ. ಅವನು ನನಗೆ ಹೇಳಿದ್ದ. ಇಲ್ಲ ಎಂದು ಬರೆದವನು ನಾನು. ಬ್ಯಾಂಕಿಗೆ ಸುಳ್ಳು ಹೇಳಿದವನೂ ನಾನು. ಈಗ ನಿಜ ಬರೆದು ಸಹಿ ಮಾಡಿಕೊಡುತ್ತೇನೆ, ರಾಜಧಾನಿ ಆಸ್ಟಿನ್‌ನ ಸರ್ಕಾರಿ ಕಚೇರಿಗೆ ದೂರು ಹಾಕಿದರೆ ಬ್ಯಾಂಕು ಹಣ ಕೊಡಲೇಬೇಕಾಗುತ್ತದೆ.

ಅವಳು ಹೊರಗೆ ಉರುಳಿದ್ದ ಒಂದು ಈರುಳ್ಳಿಯನ್ನು ಎತ್ತಿ ಚೀಲಕ್ಕೆ ಹಾಕಿದಳು.

"ಈಗ ಯಾಕ ಹೇಳಾಕತ್ತೀರಿ?"

"ತಡಕೊಳ್ಳಾಕ ಆಗಲಿಲ್ಲ ತಂಗಿ."

"ನಿಮಗ ಹೊರಲಿಕ್ಕ ಆಗಲಿಲ್ಲ, ನನ್ನ ತಲಿ ಮ್ಯಾಲ ಇಟ್ಟು ಹೋಗಾಕ ಬಂದೀರಿ. ಹೌದಿಲ್ರೀ?"

ಅವಳು ಚೀಲವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು.

"ಡಯಾಲಿಸಿಸ್ ಮುಗಿಸಿ ಬಂದು ಒಂದ್ ಕಪ್ಪ ಚಾ ಕೇಳ್ತಿದ್ರು. ಗಾಡಿ ಇದ್ದಿದ್ರ ಹಾಲು ತರತಿದ್ದೆ ಅಂತಿದ್ದೆ. ದಿನಾ ಅಂತಿದ್ದೆ. ಅವರ ಬಾಯಾಗಿಂದ ಏನ್ ಬಂದ್ರೂ, ಸುಳ್ಳ ಅಂತಿದ್ದೆ. ಹೊಟ್ಟಿ ನೋಯತೈತಿ ಅಂದ್ರೂ ಸುಳ್ಳ ಅಂತಿದ್ದೆ." ಅವಳ ಧ್ವನಿ ಏರಲೂ ಇಲ್ಲ, ಒಡೆಯಲೂ ಇಲ್ಲ. "ದವಾಖಾನಿಯಾಗ ಕಡೀ ದಿನ ನನ್ನ ಕೈ ಹಿಡದು, ನಾ ಅಣ್ಣಾರಿಗೆ ಹೇಳಿದ್ದೆ ಅಂದ್ರು. ಸಾಕ್ ಮಾಡ್ರಿ, ದೇವರ ಹೆಸರರ ತಗೋರಿ ಅಂದೆ."

ಅಷ್ಟು ಹೇಳಿ ಅವಳು ಏಪ್ರನ್ನಿನ ಜೇಬಿನಿಂದ ಫೋನ್ ತೆಗೆದಳು. ಊರಿನಲ್ಲಿ ಅತ್ತೆ ಇದ್ದರು. ಗಂಡ ಸತ್ತ ಮೇಲೂ ಪ್ರತಿ ವಾರ ಅವಳು ಅವರಿಗೆ ಫೋನ್ ಮಾಡುತ್ತಿದ್ದಳು, ಅವರ ಔಷಧಿಯ ಖರ್ಚೂ ಅವಳದೇ. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಅವಳಿಗೆ ಇದ್ದ ಮನೆ ಅಂದರೆ ಆ ಒಂದು ದನಿ.

"ನನ್ನ ಬಾಯಿಲೆ ಅವರಿಗೂ ಹೇಳೀನಿ, ನಿಮ್ಮ ಮಗ ಸುಳ್ಳಗಾರ ಅಂತ. ಈಗ ನಿಮ್ಮ ಬಾಯಿಲೆ ನೀವು ಹೇಳ್ರಿ."

ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದಳು. ಗದಗಿನಲ್ಲಿ ರಾತ್ರಿ ಊಟದ ಹೊತ್ತು. ಮುದುಕಿಯ ಧ್ವನಿ ಗಟ್ಟಿಯಾಗಿತ್ತು. ನಾನು ಯಾರೆಂದು ಹೇಳಿದೆ. ಮಾಡಿದ್ದನ್ನೂ ಹೇಳಿದೆ. ಈ ಸಲ ಮಾತು ತಡವರಿಸಿತು, ಎರಡು ಸಲ ಮೊದಲಿನಿಂದ ಹೇಳಬೇಕಾಯಿತು.

"ಅಂವಾ ನನಗ ಹೇಳಿದ್ದ," ಎಂದರು ಮುದುಕಿ. "ನಾ ನಂಬಿದ್ದೆ. ನನ್ನ ಮಗ ನನಗ ಗೊತ್ತಿಲ್ಲೇನು?"

"ತಪ್ಪಾತ್ರಿ ಅವ್ವಾರ. ಕ್ಷಮಾ ಮಾಡ್ರಿ."

"ನೀ ಹೊರಗಿನಾಂವ. ಹೊಟ್ಟಿಪಾಡಿಗೆ ಸುಳ್ಳ ಹೇಳಿದಿ. ಸಂತ್ಯಾಗ ದಿನಾ ಹೇಳ್ತಾರ. ನಿನ್ನ ನಾ ಏನ್ ಕ್ಷಮಾ ಮಾಡ್ಲಿ, ನೀ ನನಗ ಯಾರು? ನಿನ್ನ ಬಾಜೂಕ ನಿಂತಾಳಲ್ಲ, ಅಕಿ ನನ್ನ ಮಗನ ಕೂಡ ಇಪ್ಪತ್ತ ವರ್ಷ ಉಂಡಾಳ. ಅಕಿ ನಿನ್ನ ನಂಬಿದ್ಲು."

"ಅತ್ತೀ..." ಎಂದಳು ಇವಳು.

"ಇನ್ನ ನನಗ ಫೋನ್ ಮಾಡಬ್ಯಾಡವಾ. ಔಷಧಿ ರೊಕ್ಕಾನೂ ಬ್ಯಾಡ. ಇದ್ದಷ್ಟ ದಿನ ಇರ್ತೀನಿ."

ಫೋನ್ ಆರಿತು. ಅವಳು ಇನ್ನೊಮ್ಮೆ ಹಚ್ಚಿದಳು. ಆ ಕಡೆ ಎತ್ತಲಿಲ್ಲ. ಮತ್ತೆ ಹಚ್ಚಿದಳು. ನಾನು ತಂಗಿ ಎಂದೆ. ಅವಳು ನನ್ನ ಕಡೆ ನೋಡದೆ, "ಕಾಗದ ಬರದು ಕಳಸ್ರಿ. ರೊಕ್ಕ ಬಿಡೂದಿಲ್ಲ ನಾನು. ಇನ್ನ ತಂಗಿ ಅನಬ್ಯಾಡ್ರಿ," ಎಂದಳು. ನಾನು ಕೂರದ ಸ್ಟೂಲನ್ನು ಎತ್ತಿಕೊಂಡು ಒಳಗೆ ಹೋದಳು.

ಕಾಗದ ಬರೆದು ಸಹಿ ಮಾಡಿ ಕಳಿಸಿದೆ. ಅಂಗಡಿಯ ಹಳೆಯ ಮಾಲೀಕ ಫೋನ್ ಮಾಡಿ ನಾಯಿ ಎಂದು ಬೈದ. ಆಸ್ಟಿನ್‌ನಿಂದ ಪ್ರಶ್ನೆಗಳು ಬಂದವು, ಉತ್ತರಿಸಿದೆ. ಕೊನೆಗೆ ಬ್ಯಾಂಕು ವಿಮೆಯ ಹಣವನ್ನು ಬಡ್ಡಿ ಸಮೇತ ವಾಪಸ್ಸು ಕೊಡಲು ಒಪ್ಪಿತು. ಆದರೆ ಚೆಕ್ಕು ಬಂದದ್ದು ಸತ್ತವನ ಹೆಸರಿಗೆ. ಅದನ್ನು ಅವಳ ಹೆಸರಿಗೆ ಮಾಡಿಸಲು, ಅವನನ್ನು ಬಲ್ಲ, ಆ ಹಣದಲ್ಲಿ ಪಾಲಿಲ್ಲದ ಇಬ್ಬರು ಪ್ರಮಾಣ ಮಾಡಿ ಸಹಿ ಹಾಕಬೇಕಿತ್ತು. ಅದಕ್ಕಾಗಿ ಅವಳು ನನಗೆ ಫೋನ್ ಮಾಡಿದಳು.

"ನಾನು ಬರ್ತೀನಿ," ಎಂದೆ.

"ನೀವು ಬ್ಯಾಡ್ರಿ. ಅವರ ಹೆಸರಿನ ಬಾಜೂಕ ನಿಮ್ಮ ಸಹಿ ಇನ್ನೊಮ್ಮೆ ಬ್ಯಾಡ. ಇರ್ವಿಂಗ್‌ನ್ಯಾಗ ಅವರನ್ನ ಬಲ್ಲಾವರು ಇದ್ರ ಕೇಳ್ರಿ. ಹ್ಯೂಸ್ಟನ್‌ನ್ಯಾಗ ಒಬ್ರು ಸಿಕ್ಕಾರ. ಇನ್ನೊಬ್ರು ಬೇಕು."

ನನಗೆ ಹೊಳೆದದ್ದು ದೇವಸ್ಥಾನದಲ್ಲಿ ಎದುರು ಕುಳಿತಿದ್ದ ಆ ಮೈಸೂರಿನವನೇ. ಅವನ ಮನೆಗೆ ಹೋದೆ. ವಿಷಯ ಕೇಳಿ ಮುಖ ಸಿಂಡರಿಸಿದ.

"ಅಂಕಲ್, ಅಂಥೋರಿಗೆ ನಾನ್ಯಾಕೆ ಸೈನ್ ಮಾಡ್ಲಿ? ಆತ ಫ್ರಾಡ್ ಅಲ್ವಾ?"

"ಆತ ಅಲ್ಲಪ್ಪ. ನಾನು," ಎಂದೆ. ಮತ್ತೆ ಎಲ್ಲ ಹೇಳಿದೆ. ರಾಹುಕಾಲದ ಉಪಾಯವನ್ನೂ ಬಿಡಲಿಲ್ಲ. ಅವನ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಕೇಳಿದಳು. ಮುಗಿದ ಮೇಲೆ ಅವನು ಬೆರಳು ಮಡಿಸಿ ವರ್ಷಗಳನ್ನು ಎಣಿಸಿದ.

"ಅಂಕಲ್, ನಮ್ ಮೊದಲ್ನೇ ಕಾರ್ ಪೇಪರ್ಸೂ ನೀವೇ ಅಲ್ವಾ ಮಾಡಿಸಿದ್ದು?"

"ಹೌದು."

"ನನಗೂ ಆ ಇನ್ಶೂರೆನ್ಸ್ ಹಾಕಿದ್ರಾ?"

"ಹಾಕಿದ್ದೆ."

ಅವನು ಎದ್ದು ಬಾಗಿಲು ತೆರೆದು ಹಿಡಿದ. "ಆಕೆಗೆ ಸೈನ್ ಮಾಡ್ತೀನಿ. ನಾನೇ ಹ್ಯೂಸ್ಟನ್‌ಗೆ ಹೋಗಿ ಮಾಡ್ತೀನಿ, ಆಕೇನ ಇಲ್ಲಿ ತನಕ ಓಡಾಡಿಸಬೇಡಿ. ಆಮೇಲೆ ನನ್ ಪೇಪರ್ಸ್ ತಗೊಂಡು ನಿಮ್ಮನೆಗೆ ಬರ್ತೀನಿ. ನನ್ನೊಬ್ಬನ್ದೇ ಅಲ್ಲ. ನಿಮ್ ಹತ್ರ ಕಾರ್ ತಗೊಂಡಿರೋರ್ನೆಲ್ಲ ಕರ್ಕೊಂಡೇ ಬರ್ತೀನಿ."

ಬನ್ನಿ ಎಂದೆ. ಅವನು ಹೇಳಿದಂತೆ ಹ್ಯೂಸ್ಟನ್‌ಗೆ ಹೋಗಿ ಸಹಿ ಹಾಕಿ ಬಂದ. ಅವಳಿಗೆ ಹಣ ಸಿಕ್ಕಿತೆಂದು ಅವನಿಂದಲೇ ತಿಳಿಯಿತು. ಅತ್ತೆ ಫೋನ್ ಎತ್ತಿದರೇ ಎಂದು ಕೇಳಿದೆ. ಇಲ್ಲವಂತೆ. ಈ ಶನಿವಾರ ಅವನು ಇನ್ನೂ ಕೆಲವರನ್ನು ಕರೆದುಕೊಂಡು ನಮ್ಮ ಮನೆಗೆ ಬರುತ್ತಾನೆ. ಎಷ್ಟು ಜನ ಬರುತ್ತಾರೋ ತಿಳಿಯದು ಎಂದು ನನ್ನ ಹೆಂಡತಿ ಪಕ್ಕದ ಮನೆಯಿಂದ ಕುರ್ಚಿಗಳನ್ನು ತಂದಿಟ್ಟಿದ್ದಾಳೆ.